ಅಕ್ಕನಿಗೆ ನಾಲ್ಕನೇ ಹಂತದ ಕ್ಯಾನ್ಸರ್, ಸೈಟ್ ಮಾರಿ ಚಿಕಿತ್ಸೆ ಕೊಡಿಸಬೇಕಾ?

ನಿಮ್ಮ ಪ್ರಶ್ನೆ ಇಷ್ಟು: ಅಕ್ಕನಿಗೆ ಸ್ತನ ಕ್ಯಾನ್ಸರ್, ಮೂಳೆಗೂ ಲಿವರ್‌ಗೂ ಹರಡಿದೆ, ಪೂರ್ತಿ ಗುಣ ಆಗಲ್ಲ ಅಂದಿದ್ದಾರೆ. ಮನೆಯವರೆಲ್ಲ ಸೇರಿ ಇರುವ ಒಂದು ಸೈಟ್ ಮಾರಿ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು ಅಂತಿದ್ದೀರಿ. ಇದೇ ಸ್ಥಿತಿಯಲ್ಲಿ ಇರುವವರು ನೋವು, ಖರ್ಚು ಎರಡನ್ನೂ ಹೇಗೆ ತೂಗಿಸುತ್ತಾರೆ ಅಂತ ಕೇಳಿದ್ದೀರಿ.

ನಾನು ನಿಮ್ಮಕ್ಕನ ಜಾಗದಲ್ಲೇ ಇರುವವಳು. ಅದೇ ಕಾಯಿಲೆ, ಅದೇ ಹಂತ. ಮನೆ ತಿಪಟೂರಿನಲ್ಲಿ. ಬ್ಲೌಸ್ ಹೊಲಿಯುವುದು, ಸೀರೆಗೆ ಫಾಲ್ ಹಾಕುವುದು, ಕುಚ್ಚು ಕಟ್ಟುವುದು ನನ್ನ ಕೆಲಸ ಆಗಿತ್ತು. ಯಜಮಾನರು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ನಾನು ಡಾಕ್ಟರ್ ಅಲ್ಲ. ಹಾಗಾಗಿ ಇಲ್ಲಿ ಬರೆದ ಔಷಧಿ ವಿಷಯವನ್ನೆಲ್ಲ ನಿಮ್ಮ ಡಾಕ್ಟರನ್ನು ಕೇಳಿಯೇ ಮುಂದುವರಿಯಿರಿ.

ಮೊದಲು ನಾನೇ ಒಂದು ಕೇಳುತ್ತೇನೆ. ಸೈಟ್ ಮಾರುವ ವಿಷಯ ನಿಮ್ಮಕ್ಕನಿಗೆ ಗೊತ್ತಾ? ನೀವು ಬರೆದಿದ್ದರಲ್ಲಿ "ನಾವೆಲ್ಲ" ಅಂತ ಇದೆ. ಅಕ್ಕ ಏನಂದರು ಅಂತ ಎಲ್ಲೂ ಇಲ್ಲ. ನಮ್ಮ ಕಡೆ ಇದು ಮಾಮೂಲು. ರೋಗಿಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಮನೆಯವರನ್ನು ಒಳಗೆ ಕರೆಯುತ್ತಾರೆ. ಹೊರಗೆ ಬಂದವರು ಮುಖ ಒರೆಸಿಕೊಂಡು "ಏನಿಲ್ಲ, ಗಡ್ಡೆ ಕರಗೋಕೆ ಔಷಧಿ ಕೊಡ್ತಾರಂತೆ" ಅನ್ನುತ್ತಾರೆ. ಕೀಮೋ ವಾರ್ಡಿನಲ್ಲಿ ಮಲಗಿದವಳಿಗೆ ತನಗೇನಾಗಿದೆ ಅಂತ ಗೊತ್ತಿರಲ್ಲ ಅಂದುಕೊಂಡಿದ್ದೀರಾ? ಪಕ್ಕದ ಬೆಡ್ಡಿನವರೇ ಹೇಳಿಬಿಡುತ್ತಾರೆ. ನಾನು ಮೊದಲೇ ಯಜಮಾನರಿಗೆ ಹೇಳಿದ್ದೆ, ಮೈ ನನ್ನದು, ನನ್ನೆದುರಿಗೇ ಮಾತಾಡಲಿ ಅಂತ. ಕೇಳಿದಾಗ ಕೈಕಾಲು ತಣ್ಣಗಾಯಿತು, ನಿಜ. ಆದರೆ ಯಾವ ಖರ್ಚು ಬೇಕು, ಯಾವುದು ಬೇಡ ಅನ್ನುವ ಮಾತಿನಲ್ಲಿ ಅವತ್ತಿನಿಂದ ನಾನೂ ಇದ್ದೇನೆ.

ನಾಲ್ಕನೇ ಹಂತ ಅಂದರೆ ಎಲ್ಲರಿಗೂ ಒಂದೇ ಅಲ್ಲ. ಬಯಾಪ್ಸಿ ರಿಪೋರ್ಟಿನಲ್ಲಿ ಇಆರ್, ಪಿಆರ್, ಹರ್-2 ಅಂತ ಮೂರು ಸಾಲು ಇರುತ್ತವೆ. ಗಡ್ಡೆ ಹಾರ್ಮೋನಿನಿಂದ ಬೆಳೆಯುವಂಥದ್ದಾ ಅಂತ ಮೊದಲೆರಡು ಹೇಳುತ್ತವೆ, ಹರ್-2 ಅನ್ನುವ ಪ್ರೋಟೀನ್ ಜಾಸ್ತಿ ಇದೆಯಾ ಅಂತ ಮೂರನೆಯದು. ಇಆರ್ ಪಾಸಿಟಿವ್ ಇದ್ದರೆ ಹಾರ್ಮೋನ್ ಮಾತ್ರೆಯಲ್ಲೇ ಎಷ್ಟೋ ಜನ ವರ್ಷಗಟ್ಟಲೆ ಮನೆ ಕೆಲಸ ಮಾಡಿಕೊಂಡು ಇರುತ್ತಾರೆ. ನಾನೂ ಹಾಗೇ ಇದ್ದೆ. ಲೆಟ್ರೊಜೋಲ್ ಅಂತ ಮಾತ್ರೆ, ದಿನಕ್ಕೊಂದು, ದುಬಾರಿಯೂ ಅಲ್ಲ. ಅದರ ಜೊತೆಗೆ ಕೊಡುವ ಪಾಲ್ಬೊಸಿಕ್ಲಿಬ್ ಒಂದು ಕಾಲದಲ್ಲಿ ನಮ್ಮಂಥವರು ಬೆಲೆ ಕೇಳಿಯೇ ವಾಪಸ್ ಬರುವಂಥ ಔಷಧಿ. 2023ರ ಜನವರಿಯಲ್ಲಿ ಪೇಟೆಂಟ್ ಮುಗಿಯಿತು, ನಮ್ಮ ದೇಶದ ಎಷ್ಟೋ ಕಂಪನಿಗಳು ತಯಾರಿಸಲು ಶುರು ಮಾಡಿದವು, ಬೆಲೆ ಸಿಕ್ಕಾಪಟ್ಟೆ ಇಳಿಯಿತು. ಹಾಗಾಗಿ ಅದಕ್ಕೂ ಮೊದಲು ಯಾರೋ ಹೇಳಿದ ರೇಟು ಹಿಡಿದುಕೊಂಡು ಸೈಟಿಗೆ ಗಿರಾಕಿ ಹುಡುಕಬೇಡಿ. ಚೀಟಿಯಲ್ಲಿ ಕಂಪನಿ ಹೆಸರಿನ ಬದಲು ಔಷಧಿಯ ಹೆಸರು ಬರೆಸಿ. ಜನೌಷಧಿ ಕೇಂದ್ರದಲ್ಲಿ ಕೆಲವು ಕ್ಯಾನ್ಸರ್ ಮಾತ್ರೆಗಳೂ ಸಿಗುತ್ತವೆ.

ಹೊಸ ಔಷಧಿ ಹೇಳಿದಾಗಲೆಲ್ಲ ನಾನು ಒಂದೇ ಮಾತು ಕೇಳುತ್ತೇನೆ: "ಇದು ಆಯಸ್ಸು ಜಾಸ್ತಿ ಮಾಡುತ್ತಾ, ನೋವು ಕಮ್ಮಿ ಮಾಡುತ್ತಾ? ಮಾಡಿದರೆ ಎಷ್ಟು?" ಒಂದು ಖಾಸಗಿ ಆಸ್ಪತ್ರೆಯಲ್ಲಿ ಒಂದು ಇಂಜೆಕ್ಷನ್ನಿಗೆ ಎಸ್ಟಿಮೇಟ್ ಬರೆದುಕೊಟ್ಟರು. ನಮ್ಮ ಮನೆಯನ್ನೇ ಬರೆದುಕೊಡಬೇಕಿತ್ತು. ಈ ಮಾತು ಕೇಳಿದೆ. ಡಾಕ್ಟರ್ ಪೆನ್ನು ಕೆಳಗಿಟ್ಟು ಸತ್ಯ ಹೇಳಿದರು, ಪುಣ್ಯಾತ್ಮ. ಕೆಲವರಿಗೆ ಒಂದಷ್ಟು ತಿಂಗಳು ತಡೆಯುತ್ತದೆ, ಕೆಲವರಿಗೆ ಏನೂ ಆಗಲ್ಲ, ನಿಮಗೆ ಯಾವುದು ಅಂತ ಮೊದಲೇ ಹೇಳೋಕಾಗಲ್ಲ ಅಂದರು. ನಾನು ಬೇಡ ಅಂದೆ. ಮಗಳು ಅತ್ತಳು. ಈಗಲೂ ಆ ವಿಷಯ ಎತ್ತಿದರೆ ಮುಖ ತಿರುಗಿಸುತ್ತಾಳೆ. ಬೇರೆಯವರು ಬೇಕು ಅನ್ನಬಹುದು, ಅದೂ ತಪ್ಪಲ್ಲ. ಆದರೆ ಆ ಮಾತು ಮೈಯೊಡೆಯರ ಬಾಯಿಂದ ಬರಬೇಕು.

ನನಗೆ ಕೊನೆಗೆ ಒಪ್ಪಿದ್ದು ಕೆಪೆಸಿಟಬಿನ್ ಅನ್ನುವ ಕೀಮೋ ಮಾತ್ರೆ. ಎರಡು ವಾರ ನುಂಗುವುದು, ಒಂದು ವಾರ ಬಿಡುವುದು. ಮನೆಯಲ್ಲೇ ತಗೊಳ್ಳಬಹುದು, ಕೂದಲೂ ಅಷ್ಟಾಗಿ ಉದುರಲ್ಲ. ಅದರ ಕಾಟವೆಲ್ಲ ಅಂಗೈ, ಅಂಗಾಲಿಗೆ. ಮೊದಲು ಕೆಂಪಗಾಯಿತು. ಆಮೇಲೆ ಬೆರಳ ತುದಿ ನುಣ್ಣಗೆ ಹೊಳೆಯತೊಡಗಿತು, ಚರ್ಮ ಸುಲಿಯಿತು. ಸೂಜಿ ಹಿಡಿದರೆ ಚುರ್ ಅನ್ನುತ್ತೆ, ಬಿಸಿ ಲೋಟ ಹಿಡಿಯೋಕಾಗಲ್ಲ. ರೇಷ್ಮೆ ದಾರ ಸಿಗಿದ ಚರ್ಮಕ್ಕೆ ಸಿಕ್ಕಿಕೊಂಡು ಎಳೆ ಕೀಳುತ್ತದೆ. ಕುಚ್ಚಿನ ಕೆಲಸ ಅಲ್ಲಿಗೆ ನಿಂತಿತು. ಮದುವೆ ಸೀಸನ್ನಿನಲ್ಲಿ ಮನೆ ನಡೆಯುತ್ತಿದ್ದದ್ದೇ ಅದರಿಂದ.

ಆ ತಿಂಗಳು ರೇಷನ್ ತರೋಕೆ ನ್ಯಾಯಬೆಲೆ ಅಂಗಡಿಗೆ ಹೋದೆ. ಹೆಬ್ಬೆಟ್ಟು ಒತ್ತಿದೆ, ಮೆಷಿನ್ ತಗೊಳ್ಳಲಿಲ್ಲ. "ಸೆರಗಲ್ಲಿ ಒರೆಸಿ ಒತ್ತಮ್ಮ" ಅಂದರು. ಒರೆಸಿ ಒತ್ತಿದೆ. ಬೇರೆ ಬೆರಳು ಒತ್ತಿದೆ. ಹಿಂದೆ ಕ್ಯೂನಲ್ಲಿದ್ದವರು ಗೊಣಗೋಕೆ ಶುರು ಮಾಡಿದರು. ಆ ಮಾತ್ರೆಗೆ ಬೆರಳಿನ ಗೆರೆಯೇ ಅಳಿಸಿಹೋಗುವುದುಂಟು ಅಂತ ಆಮೇಲೆ ಡಾಕ್ಟರ್ ಹೇಳಿದರು. ಸರ್ಕಾರದ ಲೆಕ್ಕದಲ್ಲಿ ನಾನು ಆಗಲೇ ಅರ್ಧ ಹೋಗಿದ್ದೇನೆ ಅಂತ ಮನೆಯಲ್ಲಿ ನಕ್ಕೆವು. ಆದರೆ ಇದು ಬರೀ ತಮಾಷೆ ಅಲ್ಲ. ರೇಷನ್, ಬ್ಯಾಂಕು, ಆಸ್ಪತ್ರೆಯ ಯೋಜನೆ ಕೌಂಟರ್ ಎಲ್ಲ ಕಡೆ ಆಧಾರ್ ಕೇಳುತ್ತಾರೆ. ನಿಮ್ಮಕ್ಕನ ಆಧಾರಿಗೆ ಮೊಬೈಲ್ ನಂಬರ್ ಜೋಡಿಸಿಲ್ಲದಿದ್ದರೆ ಬೆರಳು ಚೆನ್ನಾಗಿರುವಾಗಲೇ ಜೋಡಿಸಿ, ಓಟಿಪಿ ಮೇಲೆ ಕೆಲಸ ಆಗುತ್ತದೆ. ಬೆರಳು ಬಾರದಿದ್ದರೆ ಕಣ್ಣಿನ ಸ್ಕ್ಯಾನ್ ಕೇಳಿ. ರೇಷನ್ನಿಗೆ ಕಾರ್ಡಿನಲ್ಲಿ ಹೆಸರಿರುವ ಬೇರೆಯವರು ಹೋಗಬಹುದು.

ಕೈ ಸುಲಿಯಲು ಶುರುವಾದ ಕೂಡಲೇ ಡಾಕ್ಟರಿಗೆ ಹೇಳಬೇಕು. ಡೋಸ್ ಇಳಿಸುತ್ತಾರೆ, ಇಲ್ಲವೇ ಕೆಲವು ದಿನ ನಿಲ್ಲಿಸುತ್ತಾರೆ. ಬಿಸಿನೀರು, ಬಿಗಿ ಚಪ್ಪಲಿ ಬೇಡ, ಯೂರಿಯಾ ಕ್ರೀಮ್ ಹಚ್ಚಬೇಕು. ದೆಹಲಿಯ ಏಮ್ಸ್‌ನವರು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಂಡಿನೋವಿಗೆ ಹಚ್ಚುತ್ತೇವಲ್ಲ, ಆ ಡೈಕ್ಲೋಫೆನಾಕ್ ಜೆಲ್ಲನ್ನು ಮೊದಲಿನಿಂದಲೇ ಕೈಗೆ ಹಚ್ಚಿದವರಲ್ಲಿ ಈ ತೊಂದರೆ ಬಹಳ ಕಮ್ಮಿ ಬಂತು. ಮಾತ್ರೆ ಶುರುವಾಗುವ ಮೊದಲೇ ಕೇಳಿಕೊಳ್ಳಿ.

ಇನ್ನು ನೋವು. ಮೂಳೆ ನೋವು ಹಲ್ಲುನೋವಿನ ಥರ, ರಾತ್ರಿಯೇ ಜಾಸ್ತಿ. ಮಗ್ಗಲು ಬದಲಿಸೋಕೂ ಯೋಚನೆ ಮಾಡಬೇಕು. ಇದಕ್ಕೆ ರೇಡಿಯೇಷನ್ ಕೊಡುತ್ತಾರೆ. ಹಲವು ದಿನ ಬರಲು ಹೇಳಿದರೆ, ಒಂದೇ ಸಲಕ್ಕೆ ಕೊಡಲು ಆಗುತ್ತಾ ಅಂತ ಕೇಳಿ. ಬರೀ ನೋವಿಗಾಗಿ ಕೊಡುವುದಾದರೆ ಎಷ್ಟೋ ಜನರಿಗೆ ಒಂದು ಸಲದ್ದೂ ಅಷ್ಟೇ ಕೆಲಸ ಮಾಡುತ್ತದೆ. ಮುಂದೆ ಮತ್ತೊಮ್ಮೆ ಬೇಕಾಗಬಹುದು, ಅಷ್ಟೆ. ಬೆಂಗಳೂರಿನಲ್ಲಿ ರೂಮು ಮಾಡಿಕೊಂಡು ಇರಬೇಕಾದ ಮನೆಯವರಿಗೆ ಇದು ಎಂಥ ವ್ಯತ್ಯಾಸ ಅಂತ ಬೇರೆ ಹೇಳಬೇಕಾಗಿಲ್ಲ.

ಅದಕ್ಕೂ ಬಗ್ಗದಿದ್ದರೆ ಮಾರ್ಫಿನ್. ಹೆಸರು ಕೇಳಿದರೆ ಮನೆಯವರೇ ಹೆದರುತ್ತಾರೆ, ಚಟ ಹತ್ತುತ್ತೆ, ಇದು ಕೊಟ್ಟರೆ ಮುಗೀತು ಅಂತ. ನಮ್ಮತ್ತೆಗಂತೂ ಅಫೀಮಿನಿಂದ ಮಾಡಿದ್ದು ಅಂತ ಗೊತ್ತಾದ ಮೇಲೆ ನನ್ನನ್ನು ನೋಡುವ ದೃಷ್ಟಿಯೇ ಬದಲಾಯಿತು. ಹಬ್ಬಕ್ಕೆ ಮಾಡುವ ಗಸಗಸೆ ಪಾಯಸವೂ ಅದೇ ಗಿಡದ್ದು ಅಂದೆ. ಸುಮ್ಮನಾದರು. ನೋವಿಗೆ ಅಂತ ಡಾಕ್ಟರ್ ಲೆಕ್ಕದಲ್ಲಿ ತಗೊಂಡರೆ ಚಟ ಹತ್ತುವುದು ಅಪರೂಪ. ಮಾತ್ರೆ ಅಗ್ಗ. ಸಾಮಾನ್ಯವಾಗಿ ನಾಲ್ಕು ಗಂಟೆಗೊಮ್ಮೆ, ಗಡಿಯಾರ ನೋಡಿ ತಗೋಬೇಕು. ನೋವು ಬಂದ ಮೇಲೆ ತಗೋತೀನಿ ಅಂದರೆ ನೋವಿನ ಹಿಂದೆ ಓಡುವುದೇ ಆಗುತ್ತದೆ. ಮೊದಮೊದಲು ಮಂಪರು, ವಾಕರಿಕೆ ಇದ್ದೇ ಇರುತ್ತದೆ, ಹೋಗುತ್ತದೆ. ಮಲಬದ್ಧತೆ ಮಾತ್ರ ಹೋಗಲ್ಲ. ಅದಕ್ಕೂ ಮಾತ್ರೆ ಜೊತೆಗೇ ಬರೆಸಿಕೊಳ್ಳಿ. ನಾಚಿಕೆಪಟ್ಟು ಹೇಳದೆ ಇದ್ದರೆ ಕ್ಯಾನ್ಸರಿಗಿಂತ ಅದರದ್ದೇ ಗೋಳು. ಎಲ್ಲ ಮೆಡಿಕಲ್ ಸ್ಟೋರಿನಲ್ಲಿ ಇದು ಸಿಗಲ್ಲ. 2014ರಲ್ಲಿ ಮಾದಕ ವಸ್ತು ಕಾಯಿದೆಗೆ ತಿದ್ದುಪಡಿ ಬಂದ ಮೇಲೆ, ಮಾನ್ಯತೆ ಪಡೆದ ಆಸ್ಪತ್ರೆಗಳು ಹಿಂದಿನ ಹಾಗೆ ನಾಲ್ಕೈದು ಲೈಸೆನ್ಸಿಗೆ ಅಲೆಯದೆ ಇಟ್ಟುಕೊಳ್ಳಬಹುದು. ಕ್ಯಾನ್ಸರ್ ಆಸ್ಪತ್ರೆಯ ಪೇನ್ ಅಂಡ್ ಪಾಲಿಯೇಟಿವ್ ವಿಭಾಗದಲ್ಲಿ, ಅಂದರೆ ನೋವು, ಸಂಕಟ ಕಮ್ಮಿ ಮಾಡುವ ವಿಭಾಗದಲ್ಲಿ ವಿಚಾರಿಸಿ. ಕೊನೆಗಾಲಕ್ಕೆ ಹೋಗುವ ಜಾಗ ಅಂತ ಮುಂದೂಡಬೇಡಿ, ಈಗಲೇ ಹೋಗಿ ಹೆಸರು ಬರೆಸಿ.

ದುಡ್ಡಿನ ವಿಷಯಕ್ಕೆ ಬರೋಣ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ಯೋಜನೆಯಲ್ಲಿರುವ ಆಸ್ಪತ್ರೆಯಲ್ಲಿ ರೋಗಿಗಳಿಗೆ ಯೋಜನೆಯ ವಿಷಯದಲ್ಲಿ ಸಹಾಯ ಮಾಡಲು ಆರೋಗ್ಯಮಿತ್ರ ಅಂತ ಇರುತ್ತಾರೆ. ದುಡ್ಡು ಕಟ್ಟುವ ಮೊದಲು ಅವರನ್ನು ಹುಡುಕಿ, ಕಟ್ಟಿದ ಮೇಲೆ ಅಲ್ಲ. ಬೆಂಗಳೂರಿನ ಕಿದ್ವಾಯಿ ಸರ್ಕಾರದ ಕ್ಯಾನ್ಸರ್ ಆಸ್ಪತ್ರೆ. 2025ರಲ್ಲಿ ಹಲವು ಜಿಲ್ಲಾಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋ ಕೇಂದ್ರ ಶುರುವಾಗಿವೆ, ನಿಮ್ಮ ಜಿಲ್ಲೆಯಲ್ಲಿ ಇದೆಯಾ ವಿಚಾರಿಸಿ.

ಆದರೆ ನಮ್ಮನ್ನು ಹಣ್ಣು ಮಾಡಿದ್ದು ಬಿಲ್ಲಲ್ಲ. ಬಿಲ್ಲಿಗೆ ಬಾರದ ಖರ್ಚು. ಯಜಮಾನರು ಜೊತೆಗೆ ಬಂದ ದಿನ ಅವರ ಸಂಬಳ ಕಟ್. ಮೆಜೆಸ್ಟಿಕ್‌ನಿಂದ ಆಟೋ, ಯಾಕೆಂದರೆ ಸಿಟಿ ಬಸ್ಸಿನಲ್ಲಿ ನಿಂತು ಬರುವ ಶಕ್ತಿ ಇರಲ್ಲ. ಹೊರಗೆ ಬರೆದ ಸ್ಕ್ಯಾನು. ಮಧ್ಯಾಹ್ನದ ಊಟ, ಎಳನೀರು, ರಿಪೋರ್ಟ್ ನಾಳೆ ಅಂದರೆ ರಾತ್ರಿ ಲಾಡ್ಜು. ಕೈಗಡ, ಸಂಘದ ಸಾಲ, ಚಿನ್ನ ಅಡ ಇಟ್ಟಿದ್ದು ಎಲ್ಲ ಇದಕ್ಕೇ ಹೋಯಿತು. ರೈಲಿನಲ್ಲಿ ಕ್ಯಾನ್ಸರ್ ರೋಗಿಗೆ ಚಿಕಿತ್ಸೆಗೆ ಹೋಗಿಬರಲು ಸ್ಲೀಪರ್ ಮತ್ತು ಥರ್ಡ್ ಎಸಿ ಪೂರ್ತಿ ಉಚಿತ, ಜೊತೆಗೆ ಬರುವ ಒಬ್ಬರಿಗೆ ಶೇ 75 ರಿಯಾಯಿತಿ. ಫಾರಂಗೆ ಆಸ್ಪತ್ರೆಯವರ ಸಹಿ, ಸೀಲು ಬೇಕು. ಕಲಬುರಗಿ, ಬೀದರ್ ಕಡೆಯವರಿಗೆ ಇದು ದೊಡ್ಡ ಮೊತ್ತವೇ ಆಗುತ್ತದೆ. ಶಕ್ತಿ ಯೋಜನೆ ಬಂದ ಮೇಲೆ ನನ್ನ ಬಸ್ ಚಾರ್ಜಂತೂ ಉಳಿದಿದೆ. ದೊಡ್ಡ ಆಸ್ಪತ್ರೆಗಳ ಹತ್ತಿರ ಧರ್ಮಶಾಲೆಗಳಿರುತ್ತವೆ, ಲಾಡ್ಜಿಗೆ ಹೋಗುವ ಮೊದಲು ಕೇಳಿ. ಸೈಟ್ ಮಾರಿ ಬಂದ ದುಡ್ಡೂ ಹೀಗೇ ಚಿಲ್ಲರೆಯಾಗಿ ಹೋಗುತ್ತದೆ, ನೋಡಿ.

ಇನ್ನೊಂದು ಖರ್ಚು ನೆಂಟರದ್ದು. ಒಬ್ಬರು ಲಕ್ಷ್ಮಣಫಲ ಅನ್ನುತ್ತಾರೆ, ಇನ್ನೊಬ್ಬರು ಮಲೆನಾಡಿನಲ್ಲಿ ಯಾವುದೋ ತೊಗಟೆ ಕೊಡುತ್ತಾರಂತೆ, ಗಾಡಿ ಮಾಡಿಕೊಂಡು ಹೋಗೋಣ ಅನ್ನುತ್ತಾರೆ. ಪ್ರೀತಿಯಿಂದಲೇ ಹೇಳುವುದು, ಇಲ್ಲ ಅನ್ನಲ್ಲ. ಆದರೆ ಲಿವರಿಗೆ ಹರಡಿದವರು ಗೊತ್ತಿಲ್ಲದ ಕಷಾಯ ಕುಡಿಯಬಾರದು. ನಾನು "ಗಾಡಿ ಬಾಡಿಗೆ ದುಡ್ಡು ಕೊಡಿ, ಮೊಟ್ಟೆ ತಗೋತೀನಿ" ಅನ್ನುತ್ತೇನೆ. ಕೆಲವರು ಕೊಟ್ಟಿದ್ದಾರೆ ಕೂಡ!

ಕಾಗದಪತ್ರ ಅಕ್ಕ ಓಡಾಡುವಾಗಲೇ ಮುಗಿಸಿ. ಬ್ಯಾಂಕು, ಎಲ್‌ಐಸಿ, ಪಿಎಫ್ ಎಲ್ಲದರಲ್ಲೂ ನಾಮಿನಿ ಹೆಸರು ನೋಡಿ. ವೆಂಟಿಲೇಟರ್ ಬೇಕಾ ಬೇಡವಾ ಅಂತ ಈಗಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿತು. 2023ರಲ್ಲಿ ವಿಧಾನ ಸುಲಭ ಮಾಡಿತು, ಇಬ್ಬರು ಸಾಕ್ಷಿಗಳಿದ್ದು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಮುಂದೆ ಸಹಿ ಹಾಕಿದರೆ ಸಾಕು. ನಾನು ಬರೆದಿಟ್ಟಿದ್ದೇನೆ, ಐಸಿಯು ಬೇಡ ಅಂತ. ಮನೆಯಲ್ಲಿ ನೋಡಿಕೊಳ್ಳಲು ಆಗದ ದಿನ ಬಂದರೆ ಬೆಂಗಳೂರಿನಲ್ಲಿ ಕರುಣಾಶ್ರಯ ಇದೆ. ಇಂಥ ಹಂತದ ಕ್ಯಾನ್ಸರ್ ರೋಗಿಗಳನ್ನು ದುಡ್ಡು ತಗೊಳ್ಳದೆ ನೋಡಿಕೊಳ್ಳುತ್ತಾರೆ.

ಸೈಟಿನ ಪ್ರಶ್ನೆಗೆ ನನ್ನ ಉತ್ತರ: ಈಗ ಬೇಡ. ಅಡ್ವಾನ್ಸ್ ತಗೊಂಡಿದ್ದರೆ ಅಗ್ರಿಮೆಂಟಿಗೆ ಸ್ವಲ್ಪ ಟೈಮ್ ಕೇಳಿ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಅಕ್ಕನನ್ನೂ ಒಳಗೆ ಕರೆದುಕೊಂಡು ಹೋಗಿ. ಇಆರ್ ರಿಪೋರ್ಟ್, ರೇಷನ್ ಕಾರ್ಡ್, ಆಧಾರ್ ಕೈಯಲ್ಲಿರಲಿ. ಔಷಧಿಯಿಂದ ಎಷ್ಟು ಉಪಯೋಗ ಅಂತ ಅವರೇ ಕೇಳಲಿ. ಡಾಕ್ಟರ್ ಹೇಳಿದ್ದನ್ನು ಇಲ್ಲಿ ಬರೆಯಿರಿ. ಯಾವುದಕ್ಕೆ ಯೋಜನೆಯಲ್ಲಿ ದುಡ್ಡು ಸಿಗುತ್ತದೆ, ಯಾವುದಕ್ಕೆ ಇಲ್ಲ ಅಂತ ನನಗೆ ಗೊತ್ತಿದ್ದಷ್ಟು ಹೇಳುತ್ತೇನೆ. ಉತ್ತರ ತಡವಾದರೆ ಬೇಜಾರಾಗಬೇಡಿ, ಕೈ ಚೆನ್ನಾಗಿರುವ ವಾರದಲ್ಲಷ್ಟೇ ಟೈಪ್ ಮಾಡೋಕಾಗುವುದು.