ಇಂಗ್ಲೆಂಡಿನಲ್ಲಿ ಮನೆ ಹಿತ್ತಲಲ್ಲಿ ಶೆಡ್ ಹಾಕಲು ಅನುಮತಿ ಬೇಕಾ?

ಸಾಮಾನ್ಯವಾಗಿ ಬೇಡ. ಸ್ವತಂತ್ರ ಮನೆಯ ಹಿತ್ತಲಲ್ಲಿ ಒಂದೇ ಅಂತಸ್ತಿನ ಶೆಡ್ಡನ್ನು ‘ಪರ್ಮಿಟೆಡ್ ಡೆವಲಪ್‌ಮೆಂಟ್’ ನಿಯಮದಡಿ ಅರ್ಜಿ ಹಾಕದೆ ಕಟ್ಟಬಹುದು. ಫ್ಲಾಟಿಗೆ, ಲಿಸ್ಟೆಡ್ ಕಟ್ಟಡಕ್ಕೆ (ಐತಿಹಾಸಿಕ ಮಹತ್ವಕ್ಕಾಗಿ ಸರ್ಕಾರಿ ಪಟ್ಟಿಗೆ ಸೇರಿಸಿದ ಕಟ್ಟಡ) ಈ ಸವಲತ್ತು ಇಲ್ಲ.

ಜನ ಎಡವುವುದು ಎತ್ತರದ ವಿಷಯದಲ್ಲಿ. ಬೇಲಿಗೆ 2 ಮೀಟರ್‌ಗಿಂತ ಹತ್ತಿರ ಕಟ್ಟಿದರೆ ಶೆಡ್ಡಿನ ಎತ್ತರ 2.5 ಮೀಟರ್ ದಾಟುವಂತಿಲ್ಲ. ಅಲ್ಲಿನ ಪುಟ್ಟ ಹಿತ್ತಲುಗಳಲ್ಲಿ ಅಷ್ಟು ದೂರ ಬಿಡೋದು ಕಷ್ಟ ಅಲ್ವಾ? ಬಿಟ್ಟರೆ, ಎರಡೂ ಕಡೆ ಇಳಿಜಾರಿರುವ ಚಾವಣಿಯ ತುದಿ 4 ಮೀಟರ್‌ವರೆಗೆ ಹೋಗಬಹುದು. ಶೆಡ್ ಮನೆಯ ಮುಂಭಾಗಕ್ಕಿಂತ ಮುಂದೆ ಬರಬಾರದು. ಮೂಲ ಮನೆ ಬಿಟ್ಟು ಉಳಿದ ಜಾಗದಲ್ಲಿ ಅರ್ಧಕ್ಕಿಂತ ಜಾಸ್ತಿ ಕಟ್ಟಡ ಇರಬಾರದು.

ಬಿಲ್ಡಿಂಗ್ ರೆಗ್ಯುಲೇಷನ್, ಅಂದರೆ ಕಟ್ಟಡದ ಸುರಕ್ಷತೆ-ಗುಣಮಟ್ಟದ ನಿಯಮ, ಬೇರೆಯದೇ ಲೆಕ್ಕ. 15 ಚದರ ಮೀಟರ್ ಒಳಗಿದ್ದು, ಮಲಗುವ ವ್ಯವಸ್ಥೆ ಇಲ್ಲದಿದ್ದರೆ ಸಾಮಾನ್ಯವಾಗಿ ಅದರ ತಂಟೆಯಿಲ್ಲ. ಊರಿಂದ ಬರುವ ಅಪ್ಪ-ಅಮ್ಮನಿಗೆ ಅಲ್ಲೇ ರೂಮು ಮಾಡುವ ಯೋಚನೆಯಿದ್ದರೆ ಮಾತ್ರ ಮೊದಲು ಕೌನ್ಸಿಲ್‌ನಲ್ಲಿ (ಸ್ಥಳೀಯ ಆಡಳಿತದಲ್ಲಿ) ಕೇಳಿ.