ಅಪ್ಪನ ನೋಟ್‌ಬುಕ್ಕಿನ ಕೆಂಪು ಗುರುತು

(ಗುರುತು ಸಿಗದ ಹಾಗೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಮನೆಯವರ ಒಪ್ಪಿಗೆ ಇದೆ.)

ಮಂಜೇಶ್ವರ ಕಡೆಯ ಒಂದು ಕನ್ನಡ ಕ್ರೈಸ್ತ ಕುಟುಂಬ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ನಂಟು ಇರುವವರು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ ಇವರ ಮನೆಯ ಪ್ರಾರ್ಥನೆ ಕನ್ನಡದಲ್ಲೇ. ಅಜ್ಜಿ, ಅಪ್ಪ, ಅಮ್ಮ, 15 ವರ್ಷದ ಮಗಳು, 11 ವರ್ಷದ ಮಗ. ಅಪ್ಪ ತುಂಬಾ ವರ್ಷ ಗಲ್ಫ್‌ನಲ್ಲಿದ್ದು ಈಚೆಗೆ ಊರಿಗೆ ಬಂದವರು.

ಫೋನ್ ಮಾಡಿದ್ದು ಅಪ್ಪ. "ಮಗಳು ಕೈ ತಪ್ಪಿ ಹೋಗ್ತಾ ಇದ್ದಾಳೆ ಮೇಡಂ. ನಂಬಿಕೆಯೂ ಇಲ್ಲ, ವಿಧೇಯತೆಯೂ ಇಲ್ಲ. ಕನ್ಫರ್ಮೇಶನ್ ಕ್ಲಾಸಿಗೆ ಹೋಗಲ್ಲ ಅಂತಾಳೆ. ನೀವೊಂದು ಸಲ ಬುದ್ಧಿ ಹೇಳಿ." (ಕನ್ಫರ್ಮೇಶನ್ ಅಂದರೆ ಬೆಳೆದ ಮಕ್ಕಳು ಚರ್ಚಿನಲ್ಲಿ ತಮ್ಮ ನಂಬಿಕೆಯನ್ನು ತಾವೇ ಒಪ್ಪಿ ಹೇಳುವ ವಿಧಿ.) ನಾನು ಕೌನ್ಸೆಲರ್, ಬುದ್ಧಿ ಹೇಳುವುದು ನನ್ನ ಕೆಲಸ ಅಲ್ಲ. ಆದರೂ ಎಲ್ಲರೂ ಬನ್ನಿ ಅಂದೆ.

ಬರುವಾಗ ಅಪ್ಪ ಒಂದು ನೋಟ್‌ಬುಕ್ ತಂದಿದ್ದರು. ಪ್ರತಿ ಭಾನುವಾರ ಸಂಜೆ ಮನೆಮಂದಿ ಕೂತು ಓದುವ ಸತ್ಯವೇದದ (ಬೈಬಲ್) ಭಾಗಗಳನ್ನು ಅದರಲ್ಲಿ ಚಂದವಾಗಿ ಬರೆದಿಟ್ಟಿದ್ದರು. ಕೆಲವು ತಿಂಗಳಿಂದ ಒಂದೇ ವಿಷಯ: ವಿಧೇಯತೆ ಮತ್ತು ನಂಬಿಕೆ. ನೋಹನ ನಾವೆ, ಅಬ್ರಹಾಮ, ಸೌಲ ರಾಜ, ಇಬ್ರಿಯರಿಗೆ ಬರೆದ ಪತ್ರದ 11ನೇ ಅಧ್ಯಾಯ. ಬಲಗಡೆ ಮಕ್ಕಳಿಬ್ಬರ ಹೆಸರು, ಕೆಳಗೆ ಸರಿ-ತಪ್ಪು ಗುರುತು. ಮೂರು ತಪ್ಪು ಬಿದ್ದರೆ ಮುಂದಿನ ಭಾನುವಾರದ ತನಕ ಮೊಬೈಲ್ ಇಲ್ಲ. ಮಗಳ ಸಾಲಿನಲ್ಲಿ ಒಂದು ಕಡೆ ಕೆಂಪು ಪೆನ್ನಿನ ದೊಡ್ಡ ತಪ್ಪು ಗುರುತು, ಪಕ್ಕದಲ್ಲಿ 'ಎದುರುತ್ತರ' ಅಂತ ಬರೆದಿತ್ತು.

ಅದೇನು ಅಂತ ಕೇಳಿದೆ. ಆದಿಕಾಂಡದ 22ನೇ ಅಧ್ಯಾಯ ಓದಿದ ದಿನ. ದೇವರ ಮಾತಿಗೆ ಅಬ್ರಹಾಮ ತನ್ನ ಮಗ ಇಸಾಕನನ್ನೇ ಬಲಿ ಕೊಡಲು ಹೊರಡುವ ಕತೆ. ಓದಿ ಮುಗಿಸಿದಾಗ ಮಗಳು ಕೇಳಿದಳಂತೆ: "ಅಪ್ಪಾ, ದೇವರು ಹೇಳಿದ್ರೆ ನೀವೂ ನನ್ನ ಕಟ್ಟಿ ಹಾಕ್ತೀರಾ?" ಅಪ್ಪನಿಗೆ ಮೈಯೆಲ್ಲ ಉರಿಯಿತು. "ಹೀಗೆ ಕೇಳೋದೇ ಅವಿಧೇಯತೆ" ಅಂದರು. ಆವತ್ತಿನಿಂದ ಅವಳು ಬಂದು ಕೂರುತ್ತಾಳೆ, ಬಾಯಿ ಬಿಡುವುದಿಲ್ಲ.

ಮಗಳ ಹತ್ತಿರ ಒಬ್ಬಳೇ ಇದ್ದಾಗ ಮಾತಾಡಿದೆ. ನಿದ್ದೆ, ಊಟ, ಶಾಲೆ, ಗೆಳತಿಯರು, ಎಲ್ಲ ಸರಿಯಾಗಿತ್ತು. ಮನೆಯಲ್ಲಿ ಹೊಡೆತ ಬಡಿತ ಇಲ್ಲ. ಇದನ್ನು ಮೊದಲೇ ಕೇಳಿ ತಿಳಿಯಬೇಕಾಗುತ್ತದೆ. ಮಗು ಊಟ ಬಿಟ್ಟಿದ್ದರೆ, ನಿದ್ದೆ ಕೆಟ್ಟಿದ್ದರೆ, ಬದುಕೇ ಬೇಡ ಅನ್ನುತ್ತಿದ್ದರೆ ಅದು ಭಾನುವಾರದ ಓದಿನ ವಿಷಯ ಅಲ್ಲ. ಆಗ ಡಾಕ್ಟರಿಗೆ ತೋರಿಸಬೇಕು, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬೇಕು. ಇವಳದು ಹಾಗಲ್ಲ. "ನಂಗೆ ದೇವರ ಮೇಲೆ ಸಿಟ್ಟಿಲ್ಲ, ಆ ನೋಟ್‌ಬುಕ್ಕಿನ ಮೇಲೆ ಸಿಟ್ಟು" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಅಪ್ಪ 'ಇಲ್ಲ' ಅಂದಿದ್ರೆ ಸಾಕಿತ್ತು" ಅಂದಳು.

ಅಪ್ಪ ಕೆಟ್ಟವರಲ್ಲ. ಅವರಿಲ್ಲದ ವರ್ಷಗಳಲ್ಲಿ ಮನೆ ತನ್ನಷ್ಟಕ್ಕೆ ನಡೆಯಲು ಕಲಿತಿತ್ತು. ಶಾಲೆಯ ಮೀಟಿಂಗ್, ಕರೆಂಟ್ ಬಿಲ್, ಮಕ್ಕಳ ಜ್ವರ, ಎಲ್ಲ ಅಮ್ಮನದು. ಸಂಜೆಯ ಪ್ರಾರ್ಥನೆ ಅಜ್ಜಿಯದು: ಒಂದು ಗೀತೆ, ಒಂದು ವಾಕ್ಯ, ಕುಚ್ಚಿಲಕ್ಕಿ ಬೇಯುವುದರೊಳಗೆ ಮುಗಿಯುತ್ತಿತ್ತು. ವಾಪಸು ಬಂದ ಅಪ್ಪನಿಗೆ ಮನೆಯಲ್ಲಿ ಹಿಡಿಯಲು ಸಿಕ್ಕ ಜಾಗ ಇದೊಂದೇ. ಅದನ್ನು ಬಿಗಿಯಾಗಿ ಹಿಡಿದರು. ದೇವರಿಗೆ ವಿಧೇಯತೆ, ಅಪ್ಪನಿಗೆ ವಿಧೇಯತೆ, ಎರಡೂ ಒಂದೇ ಆಗಿಬಿಟ್ಟಿತು. ಗಲ್ಫ್‌ನಿಂದ ಬಂದ ಗಂಡಸರ ಮನೆಗಳಲ್ಲಿ, ಯಾವ ಧರ್ಮದವರಾದರೂ, ಈ ತರದ್ದು ನೋಡುತ್ತಿರುತ್ತೇನೆ.

ನಾನು ಅವರ ಮತದವಳಲ್ಲ. ಅದಕ್ಕೇ ಅರ್ಥ ಹೇಳಲು ಹೋಗದೆ ಅವರ ಪುಸ್ತಕದಿಂದ ಅವರೇ ಓದಲಿ ಅಂತ ಬಿಟ್ಟೆ. 22ನೇ ಅಧ್ಯಾಯದಲ್ಲಿ ದಾರಿಯಲ್ಲಿ ಇಸಾಕನೇ ಅಪ್ಪನನ್ನು ಕೇಳುತ್ತಾನಲ್ಲ, ಕಟ್ಟಿಗೆ ಇದೆ, ಬೆಂಕಿ ಇದೆ, ಕುರಿ ಎಲ್ಲಿ ಅಂತ. ಅಬ್ರಹಾಮ ಗದರಿದನಾ? ಇಲ್ಲ, ಮಗನೇ ಅಂತ ಕರೆದು ಉತ್ತರ ಕೊಟ್ಟ. ಅದಕ್ಕೂ ಮೊದಲು 18ನೇ ಅಧ್ಯಾಯದಲ್ಲಿ ಸೊದೋಮ್ ಊರನ್ನು ಉಳಿಸಲು ಇದೇ ಅಬ್ರಹಾಮ ದೇವರ ಹತ್ತಿರ ಚೌಕಾಸಿಗೆ ಇಳಿಯುತ್ತಾನೆ. 50 ಮಂದಿ ನೀತಿವಂತರು ಇದ್ದರೆ ಅಂತ ಶುರು ಮಾಡಿ 10ಕ್ಕೆ ಇಳಿಸುತ್ತಾನೆ. ಯೆಹೂದ್ಯರು ಆದಿಕಾಂಡವೂ ಸೇರಿದ ಮೋಶೆಯ ಐದು ಪುಸ್ತಕಗಳನ್ನು 54 ಭಾಗ ಮಾಡಿ ವರ್ಷವಿಡೀ ಓದುತ್ತಾರೆ. ಅವರಲ್ಲಿ ಆದಿಕಾಂಡದ 18ರಿಂದ 22ನೇ ಅಧ್ಯಾಯದವರೆಗೆ ಒಂದೇ ವಾರದ ಓದು. ಇದನ್ನು ಹೇಳಿದಾಗ ಅಪ್ಪ ನೆಟ್ಟಗೆ ಕೂತರು. "ಎರಡೂ ಒಂದೇ ವಾರವಾ?" ಅಂದರು.

ನೋಟ್‌ಬುಕ್ಕಿನಲ್ಲಿ ಎಫೆಸದವರಿಗೆ ಬರೆದ ಪತ್ರದ 6ನೇ ಅಧ್ಯಾಯವೂ ಇತ್ತು, 1ರಿಂದ 3ನೇ ವಚನ, ಮಕ್ಕಳು ತಂದೆತಾಯಿಯ ಮಾತು ಕೇಳಬೇಕು ಅನ್ನುವುದು. "4ನೇ ವಚನ ಯಾವ ವಾರ?" ಅಂತ ಕೇಳಿದೆ. ಅದು ತಂದೆಯರಿಗೆ ಹೇಳಿದ್ದು, ಮಕ್ಕಳಿಗೆ ಸಿಟ್ಟು ಬರಿಸಬೇಡಿ ಅಂತ. ಅವರಿಗೆ ಬಾಯಿಪಾಠ ಇತ್ತು. ಮೆಲ್ಲಗೆ ಹೇಳಿದರು, ಮತ್ತೆ ಏನೂ ಮಾತಾಡಲಿಲ್ಲ.

ನಾನು ಕೊಟ್ಟ ಸಲಹೆ ಇಷ್ಟು. ಅಂಕ ಹಾಕುವುದನ್ನು ಪೂರ್ತಿ ನಿಲ್ಲಿಸಿ. ಮೊಬೈಲಿಗೆ ಮಿತಿ ಬೇಕೇ ಬೇಕು, ಆದರೆ ಅದನ್ನು ಅಮ್ಮನ ಜೊತೆ ಕೂತು ವಾರದ ಮಧ್ಯೆ ತೀರ್ಮಾನಿಸಿ. ಸತ್ಯವೇದಕ್ಕೂ ಅದಕ್ಕೂ ಗಂಟು ಹಾಕಬೇಡಿ. ಓದು ಅರ್ಧ ಗಂಟೆ ದಾಟುವುದು ಬೇಡ, ಅಜ್ಜಿಯ ಗೀತೆ ಮೊದಲು ಬರಲಿ. ಮಗ ಮಲಯಾಳಂ ಮೀಡಿಯಂ, ಕನ್ನಡ ಅಕ್ಷರ ಕೂಡಿಸಿ ಓದುತ್ತಾನೆ. ನಡುವೆ ತಿದ್ದಬೇಡಿ, ಇಲ್ಲ ಮಲಯಾಳಂನಲ್ಲೇ ಓದಲಿ ಬಿಡಿ. ಅಮ್ಮ ಅಪ್ಪ-ಮಗಳ ನಡುವೆ ಮಾತು ಹೊತ್ತು ತಿರುಗುವುದು ಸಾಕು.

ಎಲ್ಲಕ್ಕಿಂತ ಮುಖ್ಯ, ಮಗಳ ಪ್ರಶ್ನೆಗೆ ಉತ್ತರ ಕೊಡಿ. ತಡವಾದರೂ ಪರವಾಗಿಲ್ಲ. ಆ ಕತೆಯಲ್ಲಿ ಕೊನೆಗೆ ದೇವದೂತ ಕೈ ತಡೆಯುತ್ತಾನೆ, ಟಗರು ಸಿಗುತ್ತದೆ, ಅದೆಲ್ಲ ವಿವರಿಸಬಹುದು, ಆದರೆ ಆಮೇಲೆ. ಮೊದಲು ಅಪ್ಪನಾಗಿ ಹೇಳಿ: ಇಲ್ಲ ಮಗಳೇ, ನಾನು ಹಾಗೆ ಮಾಡಲ್ಲ.

ಕನ್ಫರ್ಮೇಶನ್ ಅಂದರೆ ಅವಳೇ ತನ್ನ ಬಾಯಿಂದ ಕೊಡುವ ಮಾತು, ಅಲ್ವಾ? ಒತ್ತಾಯದಿಂದ ಹೇಳಿಸಿದರೆ ಏನು ಬಂತು? ಸಭಾಪಾಲಕರ (ಚರ್ಚಿನ ಪಾದ್ರಿ) ಹತ್ತಿರ ಅವಳೇ ಹೋಗಿ ಮಾತಾಡಲಿ ಅಂದೆ. ಮಗಳಿಗೂ ಒಂದು ಮಾತು ಹೇಳಿದೆ: ಮಾತಾಡಲು ಮನಸ್ಸಿಲ್ಲದ ದಿನ "ಇವತ್ತು ಸುಮ್ನೆ ಕೇಳ್ತೇನೆ" ಅಂತ ಹೇಳು. ಬಾಯಿ ಮುಚ್ಚಿ ಕೂತು ಶಿಕ್ಷೆ ಕೊಡಬೇಡ, ಅದೂ ಒಂದು ತರದ ಅಂಕ ಹಾಕುವುದೇ.

ಅಪ್ಪ ಉತ್ತರ ಕೊಟ್ಟದ್ದು ಭಾನುವಾರ ಅಲ್ಲ. ಉಪ್ಪಳದ ಟ್ಯೂಷನ್ನಿಗೆ ಸ್ಕೂಟರಿನಲ್ಲಿ ಬಿಡುವಾಗ, ಮುಖ ಮುಂದಕ್ಕೆ ಇಟ್ಟುಕೊಂಡೇ ಹೇಳಿದರಂತೆ. ಕನ್ಫರ್ಮೇಶನ್ ಸದ್ಯಕ್ಕೆ ಮುಂದೆ ಹೋಗಿದೆ. ಸಭಾಪಾಲಕರು ಅವಸರ ಬೇಡ ಅಂದರಂತೆ. ಮಗನ ಓದನ್ನು ತಿದ್ದುವ ಚಾಳಿ ಅಪ್ಪನಿಗೆ ಇನ್ನೂ ಹೋಗಿಲ್ಲ. ಅಜ್ಜಿ ಕಣ್ಣು ಬಿಟ್ಟರೆ ಸುಮ್ಮನಾಗುತ್ತಾರೆ. ಮತ್ತಾಯನ 21ನೇ ಅಧ್ಯಾಯದ ಇಬ್ಬರು ಗಂಡುಮಕ್ಕಳ ಕತೆ ಓದಿದ ವಾರ, ಹೋಗಲ್ಲ ಅಂದು ಹೋದವನು ಮೇಲಾ, ಹೋಗ್ತೇನೆ ಅಂದು ಹೋಗದವನು ಮೇಲಾ ಅಂತ ಅಕ್ಕ ತಮ್ಮನಿಗೆ ಜಗಳ. ಮೀನು ಸಾರು ತಣ್ಣಗಾಯಿತು ಅಂತ ಅಮ್ಮ ನನ್ನ ಹತ್ತಿರ ದೂರು ಹೇಳಿದರು.

ಈಗ ಅಪ್ಪ ಒಬ್ಬರೇ ಬರುತ್ತಿದ್ದಾರೆ. ಮಾತು ಸತ್ಯವೇದದ ಬಗ್ಗೆ ಅಲ್ಲ, ಗಲ್ಫಿನಲ್ಲಿ ಕಳೆದ ವರ್ಷಗಳ ಬಗ್ಗೆ.