ಲಂಚ ಕೊಡದವನಿಗೆ ಸಿಕ್ಕ ತೀರ್ಪು

ಓದುಗರ ಪತ್ರ: ಶಿಕಾಗೋದ ಹ್ಯಾರಿ ಆಲೆಮನ್ ಪ್ರಕರಣದ ಬಗ್ಗೆ ನಿಮ್ಮ ಲೇಖನ ಓದಿದೆ. ಒಮ್ಮೆ ಖುಲಾಸೆಯಾದವನನ್ನು 20 ವರ್ಷದ ಮೇಲೆ ಅದೇ ಕೊಲೆಗೆ ಮತ್ತೆ ಕಟಕಟೆ ಹತ್ತಿಸಿದ್ದು ಸರಿಯೇ? ಲಂಚ ತಿಂದದ್ದು ಜಡ್ಜ್. ಅದನ್ನು ಹೇಳಿದ್ದು ಲಂಚ ಸಾಗಿಸಿದ ವಕೀಲ. ಅವನ ಮಾತನ್ನು ನಂಬುವುದು ಹೇಗೆ?
– ನಿವೃತ್ತ ಕೋರ್ಟ್ ನೌಕರ, ದಾವಣಗೆರೆ

ಸಂಪಾದಕರ ಉತ್ತರ:

ಮಾನ್ಯರೇ, ಒಂದೇ ಅಪರಾಧಕ್ಕೆ ಎರಡು ಸಲ ವಿಚಾರಣೆ ಕೂಡದು ಎಂಬ ನಿಯಮ ಅಲ್ಲೂ ಇದೆ, ನಮ್ಮಲ್ಲೂ ಇದೆ. ಅದು ಸಡಿಲವಾದರೆ ಬಡವನಿಗೇ ಮೊದಲು ಪೆಟ್ಟು. ನಿಮ್ಮ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ.

ಆದರೂ 1977ರ ಆ ವಿಚಾರಣೆಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಲಾರಿ ಕಾರ್ಮಿಕರ ಸಂಘದ ವಿಲಿಯಂ ಲೋಗನ್ 1972ರ ಸೆಪ್ಟೆಂಬರಿನ ಒಂದು ರಾತ್ರಿ ತನ್ನ ಮನೆ ಮುಂದೆಯೇ ಗುಂಡೇಟಿಗೆ ಬಲಿಯಾದ. ನಾಯಿ ಕರೆದುಕೊಂಡು ಹೊರಗೆ ಬಂದಿದ್ದ ನೆರೆಯವನೊಬ್ಬ ಕೊಲೆಗಾರನ ಮುಖ ಕಂಡಿದ್ದ. ಆಲೆಮನ್, ಶಿಕಾಗೋದ ಭೂಗತ ಜಗತ್ತು ಅಂದರೆ ‘ಔಟ್‌ಫಿಟ್’ನ ಕೊಲೆಗಾರ ಎಂದು ಗೊತ್ತಿದ್ದೂ ಆ ಮನುಷ್ಯ ಕೋರ್ಟಿಗೆ ಬಂದು ಕೈ ತೋರಿಸಿ ಗುರುತಿಸಿದ. ಕೊಲೆಯ ದಿನ ಕಾರು ಓಡಿಸಿದವನೂ ಸಾಕ್ಷಿ ಹೇಳಿದ. ಜ್ಯೂರಿ ಇರಲಿಲ್ಲ, ತೀರ್ಪು ಜಡ್ಜ್ ಫ್ರಾಂಕ್ ವಿಲ್ಸನ್ ಒಬ್ಬನ ಕೈಯಲ್ಲಿತ್ತು. ಅವನು ಬಿಡುಗಡೆ ಮಾಡಿದ. ವಕೀಲ ರಾಬರ್ಟ್ ಕೂಲಿ ಮುಂಗಡವಾಗಿ 2,500 ಡಾಲರ್ ಮುಟ್ಟಿಸಿದ್ದ. ಉಳಿದ 7,500 ಡಾಲರ್ ತೀರ್ಪಿನ ಮೇಲೆ ಕೈ ಸೇರಿತು. ಜೀವದ ಹಂಗು ತೊರೆದು ಬಂದ ಆ ಸಾಕ್ಷಿ ಬಾಯಿ ತೆರೆಯುವ ಮೊದಲೇ ಅವನ ಮಾತು ಸುಳ್ಳೆಂದು ನಿಶ್ಚಯವಾಗಿ ಹೋಗಿತ್ತು! ನನ್ನ ಹೊಟ್ಟೆ ಉರಿಯುವುದು ಇಲ್ಲೇ.

ಇದನ್ನು ವಿಚಾರಣೆ ಎನ್ನಲು ಬರುತ್ತದೆಯೇ? 1994ರಲ್ಲಿ ಜಡ್ಜ್ ಮೈಕೆಲ್ ಟೂಮಿನ್ ಕೇಳಿದ್ದೂ ಇದನ್ನೇ. ಶಿಕ್ಷೆಯ ಭಯ ಒಂದು ಕ್ಷಣವೂ ಇಲ್ಲದವನು ‘ನನ್ನನ್ನು ಎರಡನೇ ಸಲ ಅಪಾಯಕ್ಕೆ ಒಡ್ಡುತ್ತಿದ್ದೀರಿ’ ಎಂದು ದೂರಲಾರ ಎಂಬುದು ಅವರ ನಿಲುವು. ಮೇಲಿನ ಕೋರ್ಟುಗಳೂ ಒಪ್ಪಿದವು. 1997ರಲ್ಲಿ ಆಲೆಮನ್‌ಗೆ 100ರಿಂದ 300 ವರ್ಷಗಳ ಶಿಕ್ಷೆಯಾಯಿತು; 2010ರಲ್ಲಿ ಜೈಲಿನಲ್ಲೇ ಸತ್ತ. ನಿಯಮ ಸಡಿಲವಾಗಲಿಲ್ಲ, ಅದನ್ನು ದುಡ್ಡು ಕೊಟ್ಟು ಕೊಂಡುಕೊಳ್ಳಲು ಬಿಡಲಿಲ್ಲ ಅಷ್ಟೇ.

ಕೂಲಿಯನ್ನು ನಾನು ಹೊಗಳಲಾರೆ. ವರ್ಷಗಟ್ಟಲೆ ಕೇಸು ‘ಫಿಕ್ಸ್’ ಮಾಡಿ ಉಂಡವನು. ಆದರೆ 1986ರಲ್ಲಿ ತಾನಾಗಿಯೇ ಸರ್ಕಾರಿ ವಕೀಲರ ಬಳಿ ಹೋಗಿ, ಮೈಗೆ ರೆಕಾರ್ಡರ್ ಕಟ್ಟಿಕೊಂಡು ತನ್ನವರ ನಡುವೆ ಓಡಾಡಿದ. ಅಂಥ ಗುಟ್ಟನ್ನು ಒಳಗಿದ್ದವನಲ್ಲದೆ ಇನ್ನಾರು ಹೇಳಬೇಕು? ವಿಲ್ಸನ್ 1990ರಲ್ಲಿ ಆತ್ಮಹತ್ಯೆ ಮಾಡಿಕೊಂಡ.

ನೀವು ಕೇಳದ ಒಂದು ವಿಷಯವಿದೆ, ಅದೇ ನನ್ನನ್ನು ಹೆಚ್ಚು ಕಾಡುವುದು. ಆಲೆಮನ್‌ಗೆ ಮೊದಲು ವಕೀಲನಾಗಿದ್ದ ಥಾಮಸ್ ಮಲೋನಿ 1977ರಲ್ಲಿ ತಾನೇ ಜಡ್ಜ್ ಆದ. ಕೊಲೆ ಕೇಸುಗಳಲ್ಲೂ ಲಂಚ ತೆಗೆದುಕೊಂಡ. ಹೊರಗೆ ಮಾತ್ರ ಕಟ್ಟುನಿಟ್ಟಿನ ಜಡ್ಜ್ ಎಂಬ ಹೆಸರು. ದುಡ್ಡು ಕೊಡದೆ ವಾದಿಸಿದ ಒಂದು ಕೇಸಿನಲ್ಲಿ ಕಕ್ಷಿದಾರನಿಗೆ ಶಿಕ್ಷೆಯಾದಾಗ, ಇವನ ಮುಂದೆ ಕೆಲಸ ಆಗಬೇಕಾದರೆ ಕೊಡಲೇಬೇಕು ಎಂಬ ಪಾಠ ಕಲಿತೆ ಎಂದು ವಕೀಲನೊಬ್ಬ ಮುಂದೆ ಸಾಕ್ಷಿ ನುಡಿದ. 1986ರ ಜೋಡಿ ಕೊಲೆ ಕೇಸಿನಲ್ಲಿ ಎಲ್ ರುಕ್ನ್ ಎಂಬ ಗ್ಯಾಂಗಿನ ಪರವಾಗಿ 10,000 ಡಾಲರ್ ಪಡೆದ ಮಲೋನಿ, ಎಫ್‌ಬಿಐ ಕಣ್ಣಿಟ್ಟಿದೆ ಎಂಬ ಗುಮಾನಿ ಬಂದೊಡನೆ ಹಣ ವಾಪಸ್ ಮಾಡಿ ಇಬ್ಬರು ಆರೋಪಿಗಳಿಗೂ ಮರಣದಂಡನೆ ವಿಧಿಸಿದ. ಆ ಇಬ್ಬರಲ್ಲಿ ಒಬ್ಬ ಮರುವಿಚಾರಣೆಯಲ್ಲಿ ನಿರ್ದೋಷಿ ಎನಿಸಿಕೊಂಡದ್ದು 2009ರಲ್ಲಿ.

ಮಲೋನಿಯೇ ಮರಣದಂಡನೆ ವಿಧಿಸಿದ್ದ ವಿಲಿಯಂ ಬ್ರೇಸಿ ಎಂಬ ಮತ್ತೊಬ್ಬ ಕೈದಿ ಲಂಚ ಕೊಟ್ಟವನಲ್ಲ. ಬೇರೆಯವರನ್ನು ಬಿಟ್ಟ ಅನುಮಾನ ಮುಚ್ಚಲು ಮಲೋನಿ, ಲಂಚ ಕೊಡದ ತನ್ನಂಥ ಆರೋಪಿಗಳ ಮೇಲೆ ಇನ್ನಷ್ಟು ಕಠಿಣವಾಗಿದ್ದ ಎಂಬುದು ಅವನ ವಾದ. ದಾಖಲೆ ಕೆದಕಲು ಅವನಿಗೆ ಅವಕಾಶ ಕೊಡಬೇಕೆಂದು ಅಮೆರಿಕದ ಸುಪ್ರೀಂ ಕೋರ್ಟ್ 1997ರಲ್ಲಿ ಒಮ್ಮತದಿಂದ ಹೇಳಿತು. 2002ರಲ್ಲಿ ಅವನ ಮರಣದಂಡನೆ ರದ್ದಾಯಿತು, ಅಪರಾಧ ನಿರ್ಣಯ ಹಾಗೇ ಉಳಿಯಿತು. 1993ರಲ್ಲಿ ಅಪರಾಧಿಯೆಂದು ಸಾಬೀತಾದ ಮಲೋನಿಗೆ ಆದದ್ದು 15 ವರ್ಷ 9 ತಿಂಗಳ ಜೈಲು.

ಹೀಗಾಗಿ ಮರುವಿಚಾರಣೆ ಸರಿ ಎಂದೇ ನನ್ನ ಉತ್ತರ. ಆಲೆಮನ್ ಒಬ್ಬನಿಗಾಗಿ ತೆರೆದ ಕಡತಗಳನ್ನು ಮಲೋನಿ ಜೈಲಿಗೆ ಕಳಿಸಿದ ಪ್ರತಿಯೊಬ್ಬನಿಗಾಗಿಯೂ, ಅವನು ಅರ್ಜಿ ಹಾಕುವ ತನಕ ಕಾಯದೆ, ತೆರೆಯಬೇಕಿತ್ತು ಎಂದೂ ಸೇರಿಸುತ್ತೇನೆ.

– ಸಂ.